ಮಾಂಜ್ರಾದಲ್ಲಿ ಮುಳುಗಿದ ನಾವೆ

ಹೋದ ವರ್ಷ ಔರಾದಿನಲ್ಲಿ ತಂಗಿಯ ಮೊಮ್ಮಗಳ ಮದುವೆಯಿತ್ತು. ಭಾಲ್ಕಿಯಿಂದ ಹೊರಟ ಬಸ್ಸು ಮಾಂಜ್ರಾ ಹೊಳೆಯ ಸೇತುವೆ ಮೇಲೆ ಕೆಟ್ಟು ನಿಂತಿತು. ಡ್ರೈವರ್ ಎಂಜಿನ್ನಿಗೆ ಬೈದ, ಕಂಡಕ್ಟರ್ ಡ್ರೈವರನಿಗೆ ಬೈದ, ಉಳಿದವರೆಲ್ಲ ಸೇರಿ ಇಬ್ಬರಿಗೂ ಬೈದರು. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ನಾನೇ ಮುಂದಾಳು. ಮೇಷ್ಟರಾಗಿದ್ದವನ ಬಾಯಿ, ಸುಮ್ಮನಿರುವುದಿಲ್ಲ. ಆದರೆ ಆವತ್ತು ಕಿಟಕಿಯಿಂದ ಹೊಳೆಯ ವಾಸನೆ ಬಂತು. ಪಾಚಿ, ಕೆಸರು, ನೀರಿನಲ್ಲಿ ಬಹಳ ದಿನ ನೆನೆದ ಕಟ್ಟಿಗೆ ಎಲ್ಲ ಸೇರಿದ ವಾಸನೆ. ಪಕ್ಕದ ಸೀಟಿನ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೆಳಗಿನ ನೀರನ್ನೇ ನೋಡಿದೆ.

“ಯಾಕ್ರಿ ಕಾಕಾ, ಆರಾಮಿಲ್ಲೇನ್ರಿ?” ಅಂದಳು.

“ಏನಿಲ್ಲವ್ವಾ. ಇಲ್ಲಿ ಒಂದು ನಾವಿ ಮುಳುಗಿತ್ತು.”

ಅವಳು ಕೆಳಗೆ ಬಗ್ಗಿ ನೋಡಿದಳು. ನೀರು ಮೊಣಕಾಲುದ್ದವೂ ಇರಲಿಲ್ಲ. ಮುದುಕನಿಗೆ ಅರುಳು ಮರುಳು ಅಂದುಕೊಂಡಿರಬೇಕು. ಔರಾದ ಮುಟ್ಟುವ ತನಕ ಮತ್ತೆ ಮಾತಾಡಿಸಲಿಲ್ಲ.

ನಾನು ಹೇಳಿದ್ದು ಐವತ್ತಾರನೆಯ ಇಸವಿಯ ಮಾತು. ಹೈದರಾಬಾದ ರಾಜ್ಯವನ್ನು ರೊಟ್ಟಿ ಮುರಿದಂತೆ ಮೂರು ತುಂಡು ಮಾಡಿದ ವರ್ಷ. ನಮ್ಮ ಬೀದರ ಜಿಲ್ಲೆಯೂ ಇಡಿಯಾಗಿ ಉಳಿಯಲಿಲ್ಲ. ಉದಗೀರ ಮುಂಬೈ ಪಾಲಾಯಿತು, ಜಹೀರಾಬಾದ ಆಂಧ್ರಕ್ಕೆ ಹೋಯಿತು, ಬೀದರ, ಭಾಲ್ಕಿ, ಔರಾದ ಇವೆಲ್ಲ ಮೈಸೂರಿಗೆ ಬಂದವು. ಮೈಸೂರನ್ನು ನೋಡಿದವರು ನಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಮೈಸೂರೆಂದರೆ ನಮಗೆ ಗೊತ್ತಿದ್ದದ್ದು ಅಗರಬತ್ತಿ ಮಾತ್ರ. ಆದರೂ ಕನ್ನಡದ ರಾಜ್ಯಕ್ಕೆ ಸೇರುತ್ತೇವೆಂಬ ಸಂತೋಷ ನನಗೆ ಎಷ್ಟಿತ್ತೆಂದರೆ, ಚಹಾದಂಗಡಿಯಲ್ಲಿ ಯಾರಾದರೂ ಅದಕ್ಕೆ ವಿರುದ್ಧ ಮಾತಾಡಿದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಜಗಳಕ್ಕೆ ಸದಾ ಸಿಗುತ್ತಿದ್ದವರು ನನ್ನ ಇಬ್ಬರು ಗೆಳೆಯರು. ಕರೀಮ ನಮ್ಮ ಭಾಲ್ಕಿಯವನೇ. ಅವನ ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದು, ಕರೀಮ ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ದಿಗಂಬರ ಉದಗೀರದ ಮರಾಠಿ ಮನೆಯವನು. ಮೂವರೂ ಬೀದರದಲ್ಲಿ ಚೌಬಾರಾ ಗೋಪುರದ ಹತ್ತಿರ ಒಂದು ಕೋಣೆ ಹಿಡಿದು ಮೆಟ್ರಿಕ್ ಓದಿದವರು. ಒಂದೇ ಮಾತಿನಲ್ಲಿ ಮೂರು ಭಾಷೆ ಬೆರೆಸಿ ಆಡುತ್ತಿದ್ದೆವು. ಯಾವ ಶಬ್ದ ಯಾವ ಭಾಷೆಯದು ಎಂದು ರಾಜ್ಯ ಒಡೆಯುವ ತನಕ ನಾವು ಯೋಚಿಸಿಯೇ ಇರಲಿಲ್ಲ.

ಓದಿಗಿಂತ ಹೆಚ್ಚಾಗಿ ನಾವು ಕಲಿತದ್ದು ಈಜು. ಬೇಸಿಗೆ ಬಂದರೆ ಅಷ್ಟೂರ ದಾರಿಯ ಬಾವಿಗಳೇ ನಮ್ಮ ಮನೆ. ಬಾವಿಯಲ್ಲಿ ಮುಳುಗುವುದಕ್ಕೆ ಒಂದು ಕಾಯಿದೆ ಇತ್ತು. ಬುಡ ಮುಟ್ಟಿ ಬಂದೆ ಎಂದು ಬರೀ ಬಾಯಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಮೇಲೆ ಬಂದವನು ಮುಷ್ಟಿ ಬಿಚ್ಚಿ ಬುಡದ ಕೆಸರು ತೋರಿಸಬೇಕು. ನನ್ನ ಮುಷ್ಟಿ ಬಹಳ ಸಲ ಖಾಲಿ ಇರುತ್ತಿತ್ತು, ದಿಗಂಬರನದು ಕೆಲವು ಸಲ. ಕರೀಮನ ಮುಷ್ಟಿ ಖಾಲಿ ಬಂದದ್ದು ನಾನು ನೋಡಿಲ್ಲ.

ಕರೀಮನಿಗೆ ಸಣ್ಣಂದಿನಲ್ಲಿ ಎಡಗಿವಿ ಸೋರಿ ಸೋರಿ ಮಂದವಾಗಿತ್ತು. ಬಲಗಿವಿಯೊಂದೇ ಗಟ್ಟಿ. ಹಾಗಾಗಿ ನೀರೆಂದರೆ ಅವನ ತಾಯಿಗೆ ಭಯ. ಅವರನ್ನು ನಾವೆಲ್ಲ ಅಮ್ಮಿ ಎಂದೇ ಕರೆಯುತ್ತಿದ್ದೆವು. ಮಗ ಈಜಲು ಹೊರಟರೆ ಅಮ್ಮಿ ಅವನನ್ನು ಹೊಸ್ತಿಲ ಮೇಲೆ ಕೂರಿಸಿ, ಹತ್ತಿಯ ಉಂಡೆ ಮಾಡಿ ಎರಡೂ ಕಿವಿಗೆ ಇಡುವರು. ಅದರ ಮೇಲೆ ಬೆಂಕಿಗೆ ಹಿಡಿದು ಮೆತ್ತಗಾದ ಜೇನುಮೇಣವನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚುವರು. ಬೀದರಕ್ಕೆ ಬಂದಾಗಲೂ ಒಂದು ಡಬ್ಬಿಯಲ್ಲಿ ಮೇಣ ಕಟ್ಟಿ ಕೊಟ್ಟಿದ್ದರು. ಬೇಸಿಗೆಯ ಬಾವಿಯಲ್ಲಿ ನೀರು ಇಳಿದಿರುತ್ತಿತ್ತು, ಆಳ ಕಡಿಮೆ, ಕಿವಿಗೆ ಏನೂ ಆಗುತ್ತಿರಲಿಲ್ಲ.

ಮೇಣ ಇಟ್ಟುಕೊಂಡ ಕರೀಮನಿಗೆ ಏನೂ ಕೇಳಿಸುತ್ತಿರಲಿಲ್ಲ. ನಮಗೆ ಅದೊಂದು ಆಟ. ದನಿ ಹೊರಡಿಸದೆ ಬರೀ ತುಟಿ ಅಲ್ಲಾಡಿಸಿ ಅವನೊಡನೆ ಮಾತಾಡಿದಂತೆ ಮಾಡುತ್ತಿದ್ದೆವು. ಅವನೂ ಕಡಿಮೆಯವನಲ್ಲ, ಕಿವಿಗೆ ಕೈ ಹಚ್ಚಿ, “ಏನು? ನಿನ್ನ ಲಗ್ನ ಫಿಕ್ಸ್ ಆಯ್ತು ಅಂದಿ? ಹುಡುಗಿ ಕುಂಟಿ ಇದ್ದಾಳಂತ?” ಎಂದು ಬಾಯಿಗೆ ಬಂದ ಉತ್ತರ ಕೊಡುತ್ತಿದ್ದ. ಮೇಣ ತೆಗೆದ ಮೇಲೂ ಕೆಲವೊಮ್ಮೆ ಕೇಳಿಸದವನಂತೆ ನಟಿಸಿ ನಮ್ಮನ್ನು ಬೇಸ್ತು ಬೀಳಿಸುತ್ತಿದ್ದ.

ಆ ವರ್ಷ ಮೆಟ್ರಿಕ್ ಮುಗಿದ ಮೇಲೆ ನನ್ನ ದಾರಿ ಸಲೀಸಾಯಿತು. ಹೊಸ ರಾಜ್ಯದಲ್ಲಿ ಕನ್ನಡ ಸಾಲೆಗಳು ತೆರೆಯುತ್ತವೆ, ಮೇಷ್ಟರು ಬೇಕಾಗುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಕರೀಮ ಓದಿದ್ದು ಉರ್ದುವಿನಲ್ಲಿ. ಕಚೇರಿಗಳು ಉರ್ದುವಿನಲ್ಲೇ ನಡೆಯುತ್ತಿದ್ದ ಮೊದಲಿನ ಕಾಲದಲ್ಲಾದರೆ ಅದು ಅವನನ್ನು ಕಣ್ಣು ಮುಚ್ಚಿ ತಹಸೀಲ ಕಚೇರಿಗೆ ಕರೆದೊಯ್ಯುತ್ತಿತ್ತು. ಈಗ ಅದನ್ನು ಕೇಳುವವರಿರಲಿಲ್ಲ. ಕನ್ನಡ ಅವನ ಬಾಯಲ್ಲಿತ್ತು, ಕೈಯಲ್ಲಿ ಇರಲಿಲ್ಲ. ಅಪ್ಪನ ನೌಕರಿಯ ನೆನಪಿಗೆ ರೈಲ್ವೆಯ ಒಬ್ಬ ಸಾಹೇಬರು, ತಾರು, ಅಂದರೆ ಟೆಲಿಗ್ರಾಂ, ಕಳಿಸುವುದನ್ನು ಕಲಿತು ಡಾಕ್ಟರ ಪರೀಕ್ಷೆ ಪಾಸಾದರೆ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಅದೊಂದೇ ಬಾಗಿಲು ತೆರೆದಿತ್ತು.

ಭಾಲ್ಕಿ ಸ್ಟೇಶನ್ನಿನ ತಾರ್ ಬಾಬು ತೆಲುಗಿನವರು, ಮುಂಗೋಪಿ. ಆದರೆ ಕರೀಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಕರೀಮ ಅದರಲ್ಲಿ ಎಷ್ಟು ಮುಳುಗಿದನೆಂದರೆ ಊಟಕ್ಕೆ ಕೂತಾಗಲೂ ಹಿತ್ತಾಳೆ ಲೋಟದ ಮೇಲೆ ಬೆರಳಿನಿಂದ ಕಟ್ ಕಡ ಕಟ್ ಎನ್ನಿಸುತ್ತಿದ್ದ. ನನಗೂ ಒಂದಿಷ್ಟು ಕಲಿಸಿದ. ತಟ್ಟಿದರೆ ಚುಕ್ಕಿ, ಒತ್ತಿ ಹಿಡಿದರೆ ಗೆರೆ.

“ಶರಣು, ಇದರಾಗ ಒಂದು ಮಜಾ ಅದ ನೋಡು,” ಎಂದ ಒಮ್ಮೆ. “ನೀ ಮೈಸೂರಿನಾಂವ, ದಿಗಂಬ್ರ ಮುಂಬೈನಾಂವ. ಈ ಕಟ್ ಕಡಕ್ಕ ಮಾತ್ರ ಯಾವ ರಾಜ್ಯಾನೂ ಇಲ್ಲ. ನಾ ಇಲ್ಲೇ ಇರ್ತೇನಿ.”

ಅವನು ನಗುತ್ತ ಹೇಳಿದ್ದು. ಆದರೆ ಆ ಮಾತು ನನಗೆ ಚುಚ್ಚಿತು. ನನ್ನ ಸಂತೋಷದಲ್ಲಿ ಅವನಿಗೆ ಕೂರಲು ಜಾಗವಿಲ್ಲ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಭಾದ್ರಪದದ ಮಳೆಗೆ ಮಾಂಜ್ರಾ ಉಕ್ಕಿ ಬಂದಿತ್ತು. ಭಾಲ್ಕಿಯಿಂದ ಔರಾದಿನ ಕಡೆ ಹೋಗುವ ದಾರಿಯಲ್ಲಿ ಆಗ ಸೇತುವೆ ಇರಲಿಲ್ಲ. ಎತ್ತು ಬಂಡಿ ಸಮೇತ ದಾಟಿಸುವ ದೊಡ್ಡ ನಾವೆ ಇತ್ತು. ಪ್ರವಾಹದಲ್ಲಿ ಅದರ ಹಗ್ಗ ಹರಿದು, ಖಾಲಿ ನಾವೆ ತೇಲಿ ಹೋಗಿ, ಕೆಳಗಿನ ಮಡುವಿನಲ್ಲಿ ಬಂಡೆಗೆ ಬಡಿದು ಮುಳುಗಿತು. ಜನಕ್ಕೆ ಏನೂ ಆಗಲಿಲ್ಲ. ಮಳೆ ನಿಂತು ನೀರು ತಿಳಿಯಾದಾಗ, ಮಡುವಿನ ದಂಡೆಯಿಂದ ಬಗ್ಗಿ ನೋಡಿದರೆ ನಾವೆ ಮಲಗಿದ್ದು ಮಸುಕಾಗಿ ಕಾಣುತ್ತದೆ ಎಂದು ಸಂತೆಗೆ ಬಂದವರು ಹೇಳಿದರು. ಬಾವಿಯ ಕೆಸರು ತಂದು ತಂದು ಬೇಸತ್ತಿದ್ದ ನಮಗೆ ಆ ಸುದ್ದಿ ಸಾಕಾಯಿತು.

ಹೊಸ ರಾಜ್ಯ ಹುಟ್ಟಿದ ದಿನವೇ ನಾವು ಹೊರಟದ್ದು. ನವೆಂಬರ್ ಒಂದು. ದೀಪಾವಳಿಯೂ ಅದೇ ಹೊತ್ತಿಗೆ ಬಂದಿತ್ತು. ಇನ್ನೂ ಬೀದರದ ಕೋಣೆಯಲ್ಲೇ ಇದ್ದು ಹಬ್ಬಕ್ಕೆ ಉದಗೀರಕ್ಕೆ ಹೊರಟಿದ್ದ ದಿಗಂಬರ ಅಲ್ಲಿಂದ ಬರುವ ರೈಲುಗಾಡಿಯಲ್ಲಿ ಹಿಂದಿನ ದಿನ ಭಾಲ್ಕಿಯಲ್ಲಿಳಿದು ನಮ್ಮ ಮನೆಯಲ್ಲಿದ್ದ. ಬೆಳಿಗ್ಗೆ ತಹಸೀಲ ಕಚೇರಿ ಮುಂದೆ ಬಾವುಟ ಏರಿಸಿ ಪೇಢೆ ಹಂಚಿದರು. ನಾನು ಎರಡು ಸಲ ಸಾಲಿನಲ್ಲಿ ನಿಂತೆ. ದಿಗಂಬರ ಒಂದು ಪೇಢೆ ಬಾಯಿಗೆ ಹಾಕಿಕೊಂಡು, “ಪರದೇಶದ ಪೇಢಾ ಚಲೋ ಅದ ಬಿಡ್ರಿ,” ಎಂದ. ಕರೀಮನ ಪಾಲಿನದು ಕಾಗದದಲ್ಲಿ ಕಟ್ಟಿಕೊಂಡು ಅವನ ಮನೆಗೆ ಹೋದೆವು.

ಅಮ್ಮಿ ಮೊದಲು ಒಪ್ಪಲಿಲ್ಲ. ಅವರು ದಖನಿ ಉರ್ದುವಿನಲ್ಲೇ ಮಾತಾಡುವವರು, ನಮ್ಮ ಜೊತೆ ಕನ್ನಡ ಬೆರೆಸುತ್ತಿದ್ದರು. “ಸಿಕಂದರಾಬಾದಿನಾಗ ಡಾಕ್ಟರ್ ಕಿವಿ ನೋಡ್ತಾರ ಬೇಟಾ, ಈಗ ಬ್ಯಾಡ. ನೌಕರಿ ಆಗ್ಲಿ, ಆಮ್ಯಾಲ ಸಮುದ್ರಾನೇ ಈಜ್ರಿ.”

“ಅಮ್ಮಿ, ದಿಗಂಬ್ರ ನಾಳಿ ಹೋಗ್ತಾನ,” ಎಂದ ಕರೀಮ. “ಮತ್ತ ಮೂವರು ಕೂಡೋದು ಯಾವಾಗೋ.”

ಅದಕ್ಕೆ ಅಮ್ಮಿಯ ಮನಸ್ಸು ಕರಗಿತು. ಮಗನನ್ನು ಹೊಸ್ತಿಲ ಮೇಲೆ ಕೂರಿಸಿದರು. ಆವತ್ತು ಮೇಣವನ್ನು ಎಂದಿಗಿಂತ ಹೆಚ್ಚು ತೆಗೆದುಕೊಂಡದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಲಗಿವಿಗೆ ಇಡುವಾಗ ಬಿಸ್ಮಿಲ್ಲಾ ಹೇಳಿ, ಹೆಬ್ಬೆರಳು ಬೆಳ್ಳಗಾಗುವ ತನಕ ಒತ್ತಿದರು. “ಪರೀಕ್ಷಾ ಹತ್ರ ಅದ. ಒಂದು ಹನಿ ಒಳಗ ಹೋಗಬಾರ್ದು. ಹೊಳ್ಯಾಗ ಇದನ್ನ ಯಾರೂ ತೆಗೀಬ್ಯಾಡ್ರಿ, ಶರಣು, ನಿನಗ ಹೇಳ್ಲತ್ತೇನಿ,” ಎಂದರು. ನಾನು ತಲೆಯಾಡಿಸಿದೆ.

ಬಾಡಿಗೆ ಸೈಕಲ್ ಮೇಲೆ ಹೊಳೆಗೆ ಹೋದೆವು. ದಾರಿಯ ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು, ಹಿಂಗಾರಿ ಜೋಳ ಮೊಣಕಾಲುದ್ದ ಎದ್ದಿತ್ತು. ಬಿಸಿಲಿನಲ್ಲಿ ಚಳಿ ಬೆರೆತಿತ್ತು. ದಂಡೆಯಲ್ಲಿ ಅಂಬಿಗರ ಹಣಮಂತಣ್ಣ ಒಂದು ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದ. ದೊಡ್ಡ ನಾವೆ ಮುಳುಗಿದ ಮೇಲೆ ಅವನ ಮುಖದ ಕಳೆಯೇ ಹೋಗಿತ್ತು. ನಾವು ಬಂದ ಕಾರಣ ಹೇಳಿದಾಗ ಅವನಿಗೆ ಸಿಟ್ಟು ಬಂತು.

“ಅದು ಆಟದ ಸಾಮಾನೇನ್ರೋ? ನಮ್ಮಪ್ಪ ಹುಟ್ಟು ಹಾಕಿದ ನಾವಿ ಅದು.”

“ಆಟ ಅಲ್ಲಣ್ಣಾ,” ಎಂದ ದಿಗಂಬರ. “ಅದರ ತಳ ಒಡದದೋ ಇಲ್ಲೋ ನೋಡಿ ಬಂದು ಹೇಳ್ತೇವಿ. ಗಟ್ಟಿ ಇದ್ರ ಎತ್ತಸಬಹುದಲ್ಲಾ.”

ದಿಗಂಬರನ ನಾಲಿಗೆಯೇ ಹಾಗೆ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ಹಣಮಂತಣ್ಣನ ಸಿಟ್ಟು ಇಳಿಯಿತು. ನಮ್ಮನ್ನು ಹರಿಗೋಲಿನಲ್ಲಿ ಮಡುವಿನ ನಡುವೆ ಕರೆದೊಯ್ದು, ನೀರಿಗೆ ಕೈಮುಗಿದು, ಹಗ್ಗ ಕಟ್ಟಿದ ಗುಂಡುಕಲ್ಲು ಕೊಟ್ಟ. ಕಲ್ಲನ್ನು ತಬ್ಬಿಕೊಂಡು ಬಿಟ್ಟರೆ ಅದೇ ನಮ್ಮನ್ನು ಕೆಳಗೆಳೆಯುತ್ತದೆ. ಮುಟ್ಟಿದ ಮೇಲೆ ಕಲ್ಲು ಬಿಟ್ಟು ಮೇಲೆ ಬರುವುದು. ಅವನು ಹಗ್ಗ ಎಳೆದು ಕಲ್ಲನ್ನು ತೆಗೆದುಕೊಳ್ಳುವುದು.

ಮೊದಲು ನಾನು ಇಳಿದೆ. ಮೇಲಿನ ನೀರು ಬೆಚ್ಚಗಿತ್ತು, ಸ್ವಲ್ಪ ಇಳಿಯುತ್ತಲೇ ಕಾಲು ಕೊರೆಯುವ ತಂಪು. ಹಸಿರು ಬೆಳಕಿನಲ್ಲಿ ನಾವೆ ಕಂಡಿತು. ಒಂದು ಮಗ್ಗುಲಿಗೆ ಒರಗಿ ಮಲಗಿತ್ತು. ಅದರ ಅಂಚಿನ ಮೇಲೆ ಸಣ್ಣ ಮೀನುಗಳು ಸಾಲಾಗಿ ನಿಂತಿದ್ದವು, ದಾಟಿಸಲು ಯಾರಾದರೂ ಬರುತ್ತಾರೆಂದು ಕಾಯುವ ಜನರ ಹಾಗೆ. ಅಂಥ ಚೆಲುವನ್ನು ನಾನು ಆಮೇಲೆ ನೋಡಿಲ್ಲ. ಆದರೆ ಅಷ್ಟರಲ್ಲಿ ಕಿವಿಯಲ್ಲಿ ದಬ್ಬಣ ಚುಚ್ಚಿದಂತಾಯಿತು. ಕಲ್ಲು ಬಿಟ್ಟು ಮೇಲೆ ಬಂದೆ. ದಿಗಂಬರ ಅಂಚು ಮುಟ್ಟಿ ಬಂದು, ಅವನೂ ಕಿವಿ ಹಿಡಿದುಕೊಂಡ. “ಭಾಳ ಆಳ ಅದಲೇ, ಬಾವಿಯಂಗಲ್ಲ,” ಎಂದ.

ಕರೀಮ ಇಳಿದ. ನಾವೆಯ ಹೊರಮೈಯನ್ನೆಲ್ಲ ಕೈಯಿಂದ ತಡವಿ, ಬಹಳ ಹೊತ್ತಿಗೆ ಮೇಲೆ ಬಂದ. ಕಣ್ಣು ಕೆಂಪಗಾಗಿತ್ತು, ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. “ಹಣಮಂತಣ್ಣಾ, ಈ ಮಗ್ಗಲ ಗಟ್ಟಿ ಅದರಿ! ಒಳಗ ಕೆಸರು ತುಂಬ್ಯದ, ತಳ ಕಾಣವಲ್ದು. ಇನ್ನೊಮ್ಮಿ ಹೋಗಿ ನೋಡ್ತೇನಿ,” ಎಂದು ಕೂಗಿದ. ಕಿವಿ ನೋಯುತ್ತದೆಯೇ ಎಂದು ನಾನು ಕೈಸನ್ನೆ ಮಾಡಿದೆ. ಸ್ವಲ್ಪ ಎಂದು ಬೆರಳು ತೋರಿಸಿದ.

ಆಮೇಲೆ ದಂಡೆಯ ಬಂಡೆಯ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಹಿಂಡಿ, ನಮ್ಮ ಅವ್ವ ಕಟ್ಟಿಕೊಟ್ಟ ಕರಚಿಕಾಯಿ ತಿಂದೆವು. ಹಣಮಂತಣ್ಣನೂ ನಮ್ಮ ಜೊತೆ ಕೂತ. ನಾವೆ ಎದ್ದರೆ ಯಾವ ಬಡಗಿಯನ್ನು ಕರೆಸಬೇಕು, ಎಲ್ಲಿಂದ ಎತ್ತು ತರಬೇಕು ಎಂದು ಲೆಕ್ಕ ಹಾಕತೊಡಗಿದ. ಬಿಸಿಲಿಗೆ ಮೈ ಒಣಗುತ್ತಿತ್ತು. ದಿಗಂಬರ ಮಲಗಿ ಆಕಾಶ ನೋಡುತ್ತ, “ಉದಗೀರಕ್ಕ ಬರ್ರೋ, ರಾಜ್ಯ ಬ್ಯಾರೆ ಆದ್ರ ಗಾಡಿ ಅದೇ ಅದ,” ಎನ್ನುತ್ತಿದ್ದ. ಕರೀಮನಿಗೆ ಕೇಳಿಸಿರಲಿಲ್ಲ. ಅವನು ಬಂಡೆಯ ಮೇಲೆ ಬೆರಳಿನಿಂದ ಕಟ್ ಕಡ ಎನ್ನಿಸುತ್ತ ಕೂತಿದ್ದ. ನನ್ನ ಬದುಕಿನಲ್ಲಿ ಏನೂ ಕೊರತೆಯಿಲ್ಲ ಎಂದು ನನಗೆ ಅನ್ನಿಸಿದ್ದು ಆ ಹೊತ್ತಿನಲ್ಲಿ ಮಾತ್ರ.

ಎರಡನೆಯ ಸಲ ಕರೀಮ ನಾವೆಯ ಒಳಗೇ ಇಳಿದ. ಹಗ್ಗ ಮೊದಲಿಗಿಂತ ಉದ್ದ ಹೋಯಿತು. ಮೇಲೆ ಬಂದವನು ಹರಿಗೋಲಿನ ಅಂಚು ಹಿಡಿದು ಬಾಯಿ ತೆರೆದ. ಉಸಿರು ಎಳೆದುಕೊಂಡ.

“ತಳ ಹ್ಯಾಂಗದಲೇ?” ಎಂದ ದಿಗಂಬರ.

ಕರೀಮ ಅವನ ಬಾಯಿಯನ್ನೇ ನೋಡಿದ. ನೋಡುತ್ತ ಬಲಗಿವಿಯ ಮೇಣವನ್ನು ಕಿತ್ತು ತೆಗೆದ. ಮತ್ತೆ ನೋಡಿದ. “ಏನು? ಏನಂದಿ?” ಎಂದ. ಬೇಕೆಂದೇ ಮಾಡುತ್ತಿದ್ದಾನೆ ಎಂದುಕೊಂಡೆವು. ಬಾವಿಯಲ್ಲಿ ಅವನು ನಮ್ಮನ್ನು ಹೀಗೆ ಎಷ್ಟು ಸಲ ಆಡಿಸಿರಲಿಲ್ಲ? ದಿಗಂಬರ ನನ್ನತ್ತ ಕಣ್ಣು ಹೊಡೆದ. ಇಬ್ಬರೂ ಹಳೆಯ ಆಟ ಶುರು ಮಾಡಿದೆವು. ದನಿ ಹೊರಡಿಸದೆ ತುಟಿ ಅಲ್ಲಾಡಿಸಿದೆವು. ಕರೀಮ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದ. ಅವನ ಮುಖದಲ್ಲಿ ಎಂಥದೋ ಸಮಾಧಾನ ಬಂತು. ನಾವು ಆಟ ಆಡುತ್ತಿದ್ದೇವೆ, ಅದಕ್ಕೇ ಕೇಳಿಸುತ್ತಿಲ್ಲ ಎಂದು ಅವನು ತಿಳಿದಿದ್ದ.

ಹಣಮಂತಣ್ಣ ಅಷ್ಟರಲ್ಲಿ ಕೂಗಿದ: “ಅಯ್ಯ, ರಕ್ತ! ಕಿವ್ಯಾಗ ರಕ್ತ ಬರ್ಲತ್ತದ, ನೋಡ್ರೋ!”

ಬಲಗಿವಿಯಿಂದ ಕುತ್ತಿಗೆಯ ಮೇಲೆ ತೆಳ್ಳಗೆ ಇಳಿಯುತ್ತಿತ್ತು, ನೀರಿಗೆ ಬೆರೆತು ಗುಲಾಬಿ ಬಣ್ಣವಾಗಿತ್ತು. ನಾನು ಅವನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದೆ. ದಂಡೆಯ ಮೇಲಿದ್ದ ಕೊಕ್ಕರೆಗಳು ಎದ್ದು ಹಾರಿದವು. ಕರೀಮ ನನ್ನ ತುಟಿ ನೋಡಿ ನಕ್ಕ. ನಕ್ಕು, ಅಷ್ಟು ಹೊತ್ತು ನೀರಿನೊಳಗೇ ಬಿಗಿ ಹಿಡಿದಿದ್ದ ಎಡಗೈ ಮುಷ್ಟಿ ಎತ್ತಿ ನಮ್ಮ ಮುಂದೆ ಬಿಚ್ಚಿದ. ನಾವೆಯ ತಳದ ಕರಿ ಕೆಸರು ತುಂಬ ಇತ್ತು.

“ನೋಡ್ರಿ, ತಂದೀನಿ,” ಎಂದ. “ತಳ ಗಟ್ಟಿ ಅದ.”

ಬೀದರದ ದವಾಖಾನೆಗೆ ಅವನನ್ನು ಕರೆದೊಯ್ಯುವಷ್ಟರಲ್ಲಿ ಜ್ವರ ಬಂದಿತ್ತು. ಅಮ್ಮಿಯೂ ಬಂದರು, ಪಡಸಾಲೆಯಲ್ಲಿ ತಸಬಿಯ ಮಣಿ ಎಣಿಸುತ್ತ ಕೂತರು. ಒಳಗೆ ನಾನು ಇದ್ದೆ. ಡಾಕ್ಟರ್ ದೀಪ ಹಿಡಿದು ಕಿವಿ ನೋಡಿ, ಒಳಗೆ ಉಳಿದಿದ್ದ ಮೇಣ ಮೆತ್ತಿದ ಹತ್ತಿಯನ್ನು ಚಿಮಟದಿಂದ ಹೊರತೆಗೆದರು.

“ಇದನ್ನ ಯಾರು ಇಟ್ರು? ಇಷ್ಟು ಬಿಗಿ ಮೇಣ ಮೆತ್ತಿಕೊಂಡು ಆಳಕ್ಕ ಇಳೀತಾರೇನ್ರಿ? ನೀರಿನ ಭಾರಕ್ಕ ಅದೇ ಒಳಗ ನುಗ್ಗಿ ಕಿವಿ ಪರದಿ ಹರದದ. ಖಾಲಿ ಕಿವಿ ಬಿಟ್ಟಿದ್ರ ಇಷ್ಟು ಆಗ್ತಿರಲಿಲ್ಲ.”

“ಮತ್ತ ಕೇಳಸ್ತದೇನ್ರಿ?” ಎಂದೆ.

ಕೀವು ಹಿಡಿಯದಿದ್ದರೆ ಸ್ವಲ್ಪ ಬರಬಹುದು ಎಂದರು. ಕೀವು ಆಗಲೇ ಹಿಡಿದಿತ್ತು.

ಕರೀಮ ನನ್ನ ಮುಖ ನೋಡಿ ಏನಂದರು ಎಂದು ಹುಬ್ಬು ಹಾರಿಸಿದ. ಎಡಗಿವಿಗೆ ಕೂಗಿ ಹೇಳಬಹುದಿತ್ತು, ಆದರೆ ಬಾಗಿಲ ಆಚೆ ಅಮ್ಮಿ ಇದ್ದರು. ಅವನ ಅಂಗೈ ತೆಗೆದುಕೊಂಡು, ಅವನೇ ಕಲಿಸಿದ ತಾರಿನ ಅಕ್ಷರಗಳಲ್ಲಿ ಉರ್ದುವಿನ ‘ಮೋಮ್’ ಎಂದು ಒತ್ತಿದೆ. ಮೇಣ. ಇಂಗ್ಲಿಷಿನ ಮೂರೇ ಅಕ್ಷರ, ಎಲ್ಲವೂ ಉದ್ದ ಒತ್ತುಗಳೇ. ಮುಗಿಯುವ ಮೊದಲೇ ಅವನಿಗೆ ತಿಳಿಯಿತು. ನನ್ನ ಬೆರಳುಗಳನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಅಮುಕಿದ.

“ಅಮ್ಮಿಗಿ ಹೇಳಬ್ಯಾಡ,” ಎಂದ. ತನ್ನ ದನಿ ಎಷ್ಟು ಏರಿದೆ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಮಾತು ಉಸಿರಿನಷ್ಟೇ ಬಂತು. “ಯಾವಾಗ್ಲೂ ಹೇಳಬ್ಯಾಡ.”

ಅಮ್ಮಿ ಒಳಗೆ ಬಂದು ಕೇಳಿದಾಗ ಅವನೇ ಮುಂದಾಗಿ, “ಹೊಳಿ ನೀರು ಒಳಗ ಹೋಗ್ಯದಂತ ಅಮ್ಮಿ,” ಎಂದ. ಅಮ್ಮಿ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. “ಹೋಯ್ತಾ?” ಎಂದರು. “ನಾ ಇನ್ನೂ ಗಟ್ಟಿ ಒತ್ತಬೇಕಿತ್ತು.” ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ. ದವಾಖಾನೆಯ ಬೇವಿನ ಮರದ ಕೆಳಗೆ ನಿಂತು ಅತ್ತೆ. ಎಲ್ಲರೂ ಹೊಸ ರಾಜ್ಯ, ಹೊಸ ರಾಜ್ಯ ಎಂದು ಹಿಗ್ಗುತ್ತಿದ್ದ ದಿನಗಳು ಅವು.

ಕೀವು ನಿಲ್ಲಲು ಚಳಿಗಾಲವೆಲ್ಲ ಬೇಕಾಯಿತು. ಬಲಗಿವಿ ಬರಲಿಲ್ಲ. ತಾರ್ ಬಾಬು ಅವನನ್ನು ಕೈಬಿಡಲಿಲ್ಲ. ತಾರಿನ ಯಂತ್ರದ ಮೇಲೆ ಬೆರಳಿಟ್ಟು ಅದರುವುದನ್ನು ಓದಲು ಹಚ್ಚಿದರು. ಕರೀಮ ಅದನ್ನೂ ಕಲಿತ. ಉದಗೀರದಿಂದ ಬರುವ ಸುದ್ದಿಯನ್ನು ಬೆರಳಿನಿಂದ ಕೇಳಿ ತಪ್ಪಿಲ್ಲದೆ ಹೇಳುತ್ತಿದ್ದ. ಅಷ್ಟು ಬಂದರೆ ಸಾಕು, ಡಾಕ್ಟರರೂ ಮನುಷ್ಯರೇ ಎಂದು ನಾವೆಲ್ಲ ಆಸೆ ಇಟ್ಟುಕೊಂಡೆವು.

ಸಿಕಂದರಾಬಾದಿಗೆ ಅವನ ಜೊತೆ ನಾನೇ ಹೋದೆ. ಅಮ್ಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ ಕಳಿಸಿದ್ದರು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಲ್ಲಲು ನನಗೆ ಬಿಟ್ಟರು. ಡಾಕ್ಟರ್ ಕರೀಮನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಎಡಗಿವಿಯನ್ನು ಅವನ ಕೈಯಿಂದಲೇ ಮುಚ್ಚಿಸಿದರು. ಆಮೇಲೆ ಕೋಣೆಯ ಇನ್ನೊಂದು ಮೂಲೆಗೆ ಹೋಗಿ ನಿಂತು ಪಿಸುದನಿಯಲ್ಲಿ ಒಂದು ಅಂಕಿ ಹೇಳಿದರು. ಕೇಳಿದ ಅಂಕಿಯನ್ನು ತಿರುಗಿ ಹೇಳಬೇಕು, ಅಷ್ಟೇ ಪರೀಕ್ಷೆ.

ಕರೀಮ ಸುಮ್ಮನೆ ನಿಂತಿದ್ದ. ಡಾಕ್ಟರ್ ಇನ್ನೊಂದು ಅಂಕಿ ಹೇಳಿದರು. ಮತ್ತೊಂದು, ಸ್ವಲ್ಪ ಜೋರಾಗಿ. ಕರೀಮ ಅಂಗಿಯ ತುದಿ ಎಳೆದು ಸರಿ ಮಾಡಿಕೊಂಡ, ಬೆನ್ನು ನೆಟ್ಟಗೆ ಮಾಡಿದ. ನನಗೆ ಕೂಗಿ ಹೇಳಬೇಕೆನ್ನಿಸಿತು. ಕೊನೆಗೆ ಡಾಕ್ಟರ್ ಮಾತಾಡುವ ದನಿಯಲ್ಲೇ ಒಂದು ಅಂಕಿ ಹೇಳಿ ನನ್ನತ್ತ ನೋಡಿದರು. ಅವರ ಕಣ್ಣಿನಲ್ಲೂ ಕರುಣೆ ಇತ್ತು, ಸುಳ್ಳು ಹೇಳಬಾರದು. ಆಗ ಕರೀಮ ಗೋಡೆಯತ್ತಲೇ ಮುಖವಿಟ್ಟುಕೊಂಡು, ಮರ್ಯಾದೆಯಿಂದ ಹೇಳಿದ:

“ನಾ ತಯಾರಿದ್ದೀನ್ರಿ ಸಾಬ್. ಸುರು ಮಾಡ್ರಿ.”

ಬರುವಾಗ ಗಾಡಿಯಲ್ಲಿ ಅವನು ಕಿಟಕಿಯ ಕಡೆ ಕೂತ. ಭಾಲ್ಕಿ ಹತ್ತಿರ ಬಂದಾಗ ಅವನು ಒಂದೇ ಮಾತು ಕೇಳಿದ, “ಅವರು ಭಾಳ ಸಲ ಹೇಳಿದ್ರಾ?” ಇಲ್ಲ ಎಂದು ತಲೆಯಾಡಿಸಿದೆ.

ಅದೇ ಬೇಸಿಗೆಯಲ್ಲಿ ನನಗೆ ಮೇಷ್ಟರ ಕೆಲಸ ಸಿಕ್ಕಿತು. ದಿಗಂಬರ ಅವನ ರಾಜ್ಯದಲ್ಲಿ ವಕೀಲಿ ಓದಲು ಹೋದ. ಹಣಮಂತಣ್ಣ ಕರೀಮನ ಮಾತು ನಂಬಿ ನಾವೆ ಎತ್ತಿಸಿದ. ತಳ ಗಟ್ಟಿಯಾಗಿಯೇ ಇತ್ತು, ಸೇತುವೆಯಾಗುವ ತನಕ ಅದು ಜನರನ್ನು ದಾಟಿಸಿತು. ಕರೀಮ ಸ್ಟೇಶನ್ ರಸ್ತೆಯಲ್ಲಿ ಸೈಕಲ್ ದುರಸ್ತಿಯ ಅಂಗಡಿ ಇಟ್ಟ. ನಾವೆಲ್ಲ ಅವನ ಹಣೆಬರಹವನ್ನು ಬೈದೆವು. ಅವನೊಬ್ಬ ಬೈಯಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಗುತ್ತಿತ್ತು.

ಮುಂದೆ ಅವನ ಲಗ್ನವಾಯಿತು, ಶಮೀಮ್ ಎಂಬ ಮಗಳು ಹುಟ್ಟಿದಳು. ಅವಳು ಸಣ್ಣವಳಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ನಾನು ಅವರ ಮನೆಗೆ ಹೋದೆ. ಅಪ್ಪ ಮಗಳು ಬಾವಿಗೆ ಹೊರಟಿದ್ದರು. ಅಮ್ಮಿಗೆ ಆಗಲೇ ಬೆನ್ನು ಬಾಗಿತ್ತು. ಮೊಮ್ಮಗಳನ್ನು ಹೊಸ್ತಿಲ ಮೇಲೆ ಕೂರಿಸಿಕೊಂಡು, ಬೆಂಕಿಗೆ ಹಿಡಿದ ಮೇಣವನ್ನು ಅವಳ ಕಿವಿಗೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಕರೀಮನನ್ನು ನೋಡಿದೆ. ಅವನು ಗೋಡೆಗೆ ಒರಗಿ, ಏನೂ ಆಗದವನ ಹಾಗೆ ನಿಂತಿದ್ದ.

ನಾನೂ ಅವರ ಬೆನ್ನು ಹತ್ತಿದೆ. ಓಣಿಯ ತಿರುವು ದಾಟುತ್ತಲೇ ಶಮೀಮ್ ತಾನಾಗಿ ನಿಂತು ತಲೆ ಬಾಗಿಸಿದಳು. ಕರೀಮ ಮಂಡಿಯೂರಿ, ಎರಡೂ ಕಿವಿಯ ಮೇಣವನ್ನು ಹತ್ತಿಯ ಸಮೇತ ಮೆಲ್ಲಗೆ ತೆಗೆದು, ಅರಿವೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡ. ಅವಳು ಮನದಣಿಯೆ ಈಜಿದಳು. ಮೇಲೆ ಬಂದ ಮೇಲೆ ಅವಳ ಕಿವಿಯನ್ನು ಒಣ ಬಟ್ಟೆಯಿಂದ ಒರಸಿ, ಬಿಸಿಲಿಗೆ ಕೂರಿಸಿ, ಮತ್ತೆ ಹತ್ತಿ, ಮೇಣ ಇಟ್ಟ. ಹತ್ತಿಗೆ ತಾಗದಂತೆ ಮೇಣದ ಮೇಲೆ ಮಾತ್ರ ಒಂದಿಷ್ಟು ಬಾವಿ ನೀರು ಸವರಿದ. ಪ್ರತಿ ಸಲವೂ ಹೀಗೇ ಮಾಡುತ್ತಾನೆಂದು, ಅಮ್ಮಿಯನ್ನು ದಾದಿ ಎಂದು ಕರೆಯುವ ಮಗಳೇ ಹೇಳಿದಳು. “ದಾದಿಗಿ ಹೇಳಬಾರ್ದಂತ ಕಾಕಾ.”

ಮನೆಯಲ್ಲಿ ಅಮ್ಮಿ ದಾರಿ ಕಾಯುತ್ತಿದ್ದರು. ಮೊಮ್ಮಗಳನ್ನು ತೊಡೆಯ ಹತ್ತಿರ ಎಳೆದುಕೊಂಡು ಮೇಣ ತೆಗೆದರು. ಒಳಗಿನ ಹತ್ತಿಯನ್ನು ಬಿಡಿಸಿ ಬೆರಳ ನಡುವೆ ಒತ್ತಿ ನೋಡಿದರು. ಅದನ್ನು ನನ್ನ ಮುಂದೆ ಹಿಡಿದರು.

“ನೋಡು ಶರಣು, ಹ್ಯಾಂಗ ಒಣಗ್ಯದ. ಈಗ ನನ್ನ ಕೈಗಿ ಕಲಿಕಿ ಬಂದದ ಬೇಟಾ. ಅವತ್ತೊಂದಿನ ಇಷ್ಟು ಗಟ್ಟಿ ಒತ್ತಿದ್ರ, ನನ್ನ ಕರೀಮ ತಾರ್ ಬಾಬು ಆಗ್ತಿದ್ದ.”

ಕರೀಮ ತಾಯಿಯ ತುಟಿಗಳನ್ನೇ ನೋಡುತ್ತಿದ್ದ. ಒಂದೊಂದು ಮಾತೂ ಅವನಿಗೆ ತಿಳಿದಿತ್ತು. ಬಂದು ಅವರ ಕೈಯಿಂದ ಆ ಹತ್ತಿಯನ್ನು ತೆಗೆದುಕೊಂಡು, ತಾನೂ ಬೆರಳಿನಿಂದ ಒತ್ತಿ ನೋಡಿದ.

“ಹೌದು ಅಮ್ಮಿ,” ಎಂದ. “ಒಂದು ಹನಿ ಹೋಗಿಲ್ಲ.”